ಅಕ್ಕ ಬಿ.ಎ. ಮುಗಿಸಿದ ಬಗೆ

ಚಾಮರಾಜನಗರದಲ್ಲಿ ಅಕ್ಕನ ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಊಟಕ್ಕೆ ಬಂದವರೆಲ್ಲ ಅವಳನ್ನು ಹೊಗಳಿ ಹೊಗಳಿ ಸುಸ್ತಾಗಿ ಅಡ್ಡಾದ ಮೇಲೆ ನಾನು ಅವಳ ಟ್ರಂಕು ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅವಳು ಮೈಸೂರಿನ ಕ್ಯಾಥೊಲಿಕ್ ಸಿಸ್ಟರುಗಳ ಕಾಲೇಜಿನಿಂದ ರಜೆಗೆ ನಮ್ಮೂರು ತೆರಕಣಾಂಬಿಗೆ ಬಂದಾಗಲೂ ಇದೇ ವಾಸನೆ. ಅವ್ವ ಅದನ್ನೇ ವಿದ್ಯೆಯ ವಾಸನೆ ಎಂದುಕೊಂಡು ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಐವತ್ತರ ದಶಕದ ಮಾತು. ಬೇಸಾಯದ ಮನೆಯ ಹುಡುಗಿಯನ್ನು ಅಷ್ಟು ದೂರ ಓದಲು ಕಳಿಸಿದ ನಮ್ಮಪ್ಪನದು ಎಷ್ಟು ದೊಡ್ಡ ಮನಸ್ಸು ಎಂದು ನೀವು ಬೆರಗಾಗಬಹುದು. ಆಗಬೇಡಿ. ಅಪ್ಪನ ಲೆಕ್ಕಾಚಾರ ಬೇರೆ ಇತ್ತು. ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ ಎಂದರೆ ಒಳ್ಳೆಯ ಸಂಬಂಧ ಬರುತ್ತದೆ. ಓದಿ ಮುಗಿಸಿದ್ದಾಳೆ ಎಂದರೆ ಅವಳಿಗಿಂತ ಹೆಚ್ಚು ಓದಿದ ಗಂಡನ್ನು ಹುಡುಕಬೇಕು. ಅಂಥವನು ನಮ್ಮ ಕಡೆ ಎಲ್ಲಿದ್ದ? ಹಾಗಾಗಿ ಹೆಣ್ಣಿನ ಓದು ಒಲೆಯ ಮೇಲಿನ ಹಾಲಿನ ಹಾಗೆ. ಕಾಯಬೇಕು, ಉಕ್ಕುವ ಮೊದಲು ಇಳಿಸಬೇಕು.

ಅಕ್ಕನಿಗೋ, ಮುಗಿಸಲೇಬೇಕೆಂಬ ಹಟ. ರಜೆಯಲ್ಲಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ನನಗೆ ಕಾಲೇಜಿನ ಕತೆ ಹೇಳುತ್ತಿದ್ದಳು. ಏಳಲು ಗಂಟೆ, ಓದಲು ಗಂಟೆ, ಮಾತು ನಿಲ್ಲಿಸಲೂ ಗಂಟೆ. ಸಿಸ್ಟರುಗಳು ಸದ್ದೇ ಇಲ್ಲದೆ ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದರಂತೆ. ಸಂಜೆ ಗೇಟು ಹಾಕಿದರೆ ಹೊರಗೆ ಪ್ರಪಂಚವೇ ಇಲ್ಲ. ಜೈಲನ್ನು ಇಷ್ಟು ಆಸೆಯಿಂದ ವರ್ಣಿಸಿದ ಕೈದಿಯನ್ನು ನಾನು ಬೇರೆ ಕಂಡಿಲ್ಲ. ತರ್ಕಶಾಸ್ತ್ರವೆಂದರೆ ಅವಳಿಗೆ ಪ್ರಾಣ. ಅದರಲ್ಲಿ ಎರಡು ಮಾತು ಒಪ್ಪಿಕೊಂಡವರು ಮೂರನೆಯದನ್ನು ಒಪ್ಪಿಕೊಳ್ಳಲೇಬೇಕಂತೆ. ಊಟಕ್ಕೆ ಮೊದಲು ಎಲ್ಲರೂ ಎದ್ದು ನಿಂತು ಪ್ರಾರ್ಥನೆಯಂತೆ, ಸಿಸ್ಟರುಗಳು ಹಣೆ, ಎದೆ ಮುಟ್ಟಿಕೊಳ್ಳುತ್ತಾರಂತೆ.

"ನೀನೂ ಅವರಂಗೆ ಕೈ ಮಾಡ್ತೀಯಾ ಅಕ್ಕ?" ಎಂದು ಕೇಳಿದ್ದೆ.

"ನಮಗ್ಯಾಕಮ್ಮಿ? ಸುಮ್ನೆ ಕೈ ಕಟ್ಕಂಡು ನಿಂತ್ರಾಯ್ತು. ಐಸ್ಕೂಲು ಮುಗಿಸ್ಕಂಡು ನೀನೂ ಬರುವಂತೆ, ನೋಡೀವಂತೆ."

ನಾನು ಆಗ ಬಸ್ಸಿನಲ್ಲಿ ಗುಂಡ್ಲುಪೇಟೆ ಹೈಸ್ಕೂಲಿಗೆ ಹೋಗುತ್ತಿದ್ದೆ.

ಅವಳ ಕೊನೆಯ ವರ್ಷಕ್ಕೆ ಮೊದಲಿನ ರಜೆಯಲ್ಲಿ ಅಪ್ಪ ಹಾಲು ಇಳಿಸಲು ಹೊರಟ. ಚಂದಕವಾಡಿಯಿಂದ ಹೆಣ್ಣು ನೋಡಲು ಬಂದರು: ಹುಡುಗ, ಅವನ ತಾಯಿ, ಸೋದರಮಾವ. ಹುಡುಗ ನೆಲ ನೋಡುತ್ತಾ ಕೂತಿದ್ದ. ಹೆಣ್ಣು ನೋಡುವ ಕೆಲಸವನ್ನು ಮಾವನಿಗೆ ಗುತ್ತಿಗೆ ಕೊಟ್ಟಂತಿತ್ತು. ಅಕ್ಕ ಉಪ್ಪಿಟ್ಟಿನ ತಟ್ಟೆಗಳನ್ನು ತಂದಿಟ್ಟಳು.

"ನೀನೂ ಕೂತ್ಕಂಡು ಒಂದು ತುತ್ತು ತಿನ್ನು ಕಣಮ್ಮಿ. ಕಾಲೇಜು ಹೆಣ್ಣು ಎಂಗೆ ತಿಂತದೆ ನೋಡನ," ಎಂದ ಮಾವ.

ಅಕ್ಕ ಕೂತಳು. ಕಣ್ಣು ಮುಚ್ಚಿದಳು. ಹಣೆ, ಎದೆ, ಎಡ ಭುಜ, ಬಲ ಭುಜ ಮುಟ್ಟಿಕೊಂಡು ನಿಧಾನವಾಗಿ ಶಿಲುಬೆಯ ಗುರುತು ಮಾಡಿ, ಉಪ್ಪಿಟ್ಟಿಗೆ ಕೈ ಹಾಕಿದಳು.

ಮಾವನ ಬಾಯಲ್ಲಿದ್ದದ್ದು ಬಾಯಲ್ಲೇ ಉಳಿಯಿತು. "ಏನವ್ವಾ ಅದು?"

"ಪ್ರಾರ್ಥನೆ ಮಾವ. ಅಲ್ಲಿ ದಿನಾ ಮಾಡ್ತೀವಿ."

ಹುಡುಗನ ತಾಯಿ ಎದ್ದೇಬಿಟ್ಟಳು. "ಬಸ್ಸಿಗೆ ಒತ್ತಾಯ್ತು, ನಡೀರಿ ಓಗನ." ಮುಂದಿನ ಬಸ್ಸು ಇದ್ದದ್ದು ಸಂಜೆಗೆ. ಅಷ್ಟು ಹೊತ್ತೂ ಆ ಮೂವರು ಬಿಸಿಲಲ್ಲಿ ರಸ್ತೆಯ ಮೇಲೇ ನಿಂತಿದ್ದರು.

"ಮಗ್ಳು ಜಾತಿ ಕೆಟ್ಬುಟ್ಲಲ್ಲಪ್ಪೋ!" ಎಂದು ಅವ್ವ ಎದೆ ಬಡಿದುಕೊಂಡಳು.

"ಅಭ್ಯಾಸಬಲ ಕಣವ್ವ, ಕೈ ತಾನೇ ಓಯ್ತು," ಎಂದಳು ಅಕ್ಕ, ಉಪ್ಪಿಟ್ಟು ಮುಗಿಸುತ್ತಾ.

ಸುದ್ದಿ ಅವರಿಗಿಂತ ಮೊದಲೇ ಬಸ್ಸು ಹತ್ತಿತ್ತು. ಇನ್ನು ಇವಳನ್ನು ನೋಡಲು ಯಾರು ಬರುತ್ತಾರೆ? ಯಾರೂ ಬಾರದ ಮೇಲೆ ಮನೆಯಲ್ಲಿಟ್ಟುಕೊಂಡು ಮಾಡುವುದೇನು? "ಓಗು, ಅಲ್ಲೇ ಓದ್ಕಂಡು ಸಾಯಿ," ಎಂದ ಅಪ್ಪ. ನೋಡಿ, ಎರಡು ಮಾತು ಒಪ್ಪಿಕೊಂಡ, ಮೂರನೆಯದು ತಾನಾಗಿ ಬಂತು.

ನಾಲ್ಕನೆಯದೊಂದು ಇತ್ತು. ಕೆಲವು ದಿನ ಕಳೆದು ಆ ಮಾವ ಒಬ್ಬನೇ ಬಂದ.

"ನಿಮ್ಮ ಕಿರಿ ಹೆಣ್ಣೂ ಆ ಕಾಲೇಜಿಗೇ ಓಗ್ತದಾ?"

"ಇಲ್ಲ ಇಲ್ಲ. ಇಲ್ಲೇ ಗುಂಡ್ಲುಪೇಟೆ ಐಸ್ಕೂಲು," ಎಂದ ಅಪ್ಪ. "ಬೇಕಾದ್ರೆ ಅದ್ನೂ ನಿಲ್ಲಿಸ್ಬುಡ್ತೀನಿ."

"ಅಂಗಾದ್ರೆ ಸರಿ ಬುಡು."

ನನ್ನ ವಿದ್ಯಾಭ್ಯಾಸ ಇಷ್ಟು ಅಚ್ಚುಕಟ್ಟಾಗಿ ಮುಗಿಯಿತು.

ನನ್ನ ಮದುವೆಗೆ ಅಕ್ಕ ಪುಸ್ತಕ ಹಿಡಿದುಕೊಂಡೇ ಬಂದಳು. ಪಂಕ್ತಿಯಲ್ಲಿ ನಾನು ಅವಳ ಬಲಗೈಯನ್ನೇ ನೋಡುತ್ತಿದ್ದೆ. ಅದು ನೇರವಾಗಿ ಎಲೆಗೆ ಹೋಯಿತು. ಆಮೇಲೆ ಅವಳು ಬಿ.ಎ. ಆದಳು, ಚಾಮರಾಜನಗರದಲ್ಲಿ ಟೀಚರಾದಳು, ಮದುವೆಯ ಗೋಜಿಗೆ ಹೋಗಲಿಲ್ಲ. ಎಷ್ಟೋ ವರ್ಷ ಒಟ್ಟಿಗೆ ಉಂಡೆವು. ಆ ಅಭ್ಯಾಸ ಅವಳಿಗೆ ಮತ್ತೊಂದು ದಿನವೂ ಬರಲಿಲ್ಲ. ನನ್ನ ಗಂಡ, ಅದೇ ನೆಲ ನೋಡುತ್ತಿದ್ದ ಹುಡುಗ, ಒಳ್ಳೆಯ ಮನುಷ್ಯ. "ನಿಮ್ಮಕ್ಕನ ದೇವ್ರು ನಂಗೆ ಒಳ್ಳೇದೇ ಮಾಡ್ದ," ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗು ಬರುತ್ತಿದ್ದದ್ದು ಅವರಿಗೆ.

ಹೋದ ತಿಂಗಳು ಅವಳಿಗೆ ಗಂಜಿ ಕುಡಿಸುತ್ತಾ ಕೇಳಿಯೇಬಿಟ್ಟೆ. "ಅಕ್ಕ, ಅವತ್ತು ಕೈ ತಾನೇ ಓಯ್ತಾ?"

ಅಕ್ಕ ನನ್ನ ಮುಖ ನೋಡಿದಳು. "ನಿನ್ನ ಕೇಳ್ತಾರೆ ಅಂತ ಗೊತ್ತಿರ್ನಿಲ್ಲ ಕಣಮ್ಮಿ."

"ಗೊತ್ತಿದ್ದಿದ್ರೆ?"

ಅಕ್ಕ ಒಂದು ಗುಟುಕು ಗಂಜಿ ನುಂಗಿದಳು. "ಆಗ್ಲೂ ಮಾಡ್ತಿದ್ನೇನೋ."

ಕ್ಷಮಿಸು ಎಂದಿದ್ದರೆ ಜಗಳವಾಡಬಹುದಿತ್ತು. ಇಷ್ಟು ವರ್ಷ ಕೂಡಿಟ್ಟ ಮಾತುಗಳೆಲ್ಲ ಇದ್ದವು. ಅವಳ ತುಟಿ ಒರೆಸಿ ಉಳಿದ ಗಂಜಿ ಕುಡಿಸಿದೆ.

ಟ್ರಂಕಿನ ಮುಂದೆ ಕೂತಿದ್ದಾಗ ನನ್ನ ಮಗ ಬಂದ. ದೊಡ್ಡಮ್ಮನ ಫೋಟೋಗೆ ಕಟ್ಟು ಹಾಕಿಸಲು ಹೊರಟಿದ್ದ.

"ಅವ್ವ, ಕೆಳಗಡೆ ಬರೀ ಹೆಸರು ಸಾಕಾ, ಬಿ.ಎ. ಅಂತಾನೂ ಹಾಕಿಸ್ಬೇಕಾ?"

"ಹಾಕಿಸು ಕಣ್ಲಾ. ದಪ್ಪಕ್ಷರದಲ್ಲೇ ಹಾಕಿಸು," ಎಂದೆ. "ಅದ್ರಲ್ಲಿ ನನ್ನ ಪಾಲೂ ಅದೆ."