ಟೀಮ್ ಹಾಕಿಯೇನಲೇ?
ಬನಹಟ್ಟಿಯ ನಮ್ಮ ಓಣಿಯ ಕಾಡಪ್ಪನಿಗೆ ಫೋನೇ ಬೇಕಿಲ್ಲ, ಅವನು ಕೂಗಿದರೆ ಸೂರತ್ತಿಗೆ ಹಾಗೆಯೇ ಮುಟ್ಟುತ್ತದೆ. ಅವನು ನಡೆಸುವುದು ಮೊಬೈಲಿನ ಕ್ರಿಕೆಟ್ ಆಟ. ಪಂದ್ಯಕ್ಕೆ ಮುಂಚೆ ಒಬ್ಬೊಬ್ಬರೂ ಹನ್ನೊಂದು ಆಟಗಾರರನ್ನು ಆರಿಸಬೇಕು, ಅವರು ಚೆನ್ನಾಗಿ ಆಡಿದರೆ ಇವರಿಗೆ ಅಂಕ. ದುಡ್ಡಿನ ಮಾತಿಲ್ಲ. ಆಡುವ ಒಂಬತ್ತು ಮಂದಿಯೂ ಹಿಂದೆ ಒಂದೇ ಶೆಡ್ಡಿನಲ್ಲಿ ಸೀರೆ ನೇಯ್ದವರು. ಮಗ್ಗದ ಸಪ್ಪಳದಲ್ಲಿ ಚಾಷ್ಟಿಯನ್ನೂ ಕೂಗಿಯೇ ಹೇಳಬೇಕಿತ್ತು, ಆ ನಗು ನನ್ನ ಮನೆಯವರೆಗೂ ಬರುತ್ತಿತ್ತು. ಶೆಡ್ಡು ಮುಚ್ಚಿತು, ಕೆಲವರು ಇಚಲಕರಂಜಿಗೆ, ಕೆಲವರು ಸೂರತ್ತಿಗೆ ಹೋದರು. ಕಾಡಪ್ಪ ಮಾತ್ರ ಕಟ್ಟೆಯ ಮೇಲೆ ಕೂತು ಇನ್ನೂ ಹಾಗೆಯೇ ಕೂಗುತ್ತಾನೆ, ಪಕ್ಕದಲ್ಲಿ ಕಂಡಿಕಿಗೆ ನೂಲು ಸುತ್ತುವ ನನಗೆ ಎಲ್ಲವೂ ಕೇಳುತ್ತದೆ. "ಲೇ ಸದ್ಯಾ, ಟೀಮ್ ಹಾಕಿಯೇನಲೇ? ಹತ್ತ ಮಿನಿಟ್ ಉಳದೈತಿ!" ಮರೆತವರ ಹೆಂಡತಿಗೂ ಫೋನು ಹೋಗುತ್ತದೆ: "ವೈನಿ, ಟೀಮ್ ಹಾಕೂತನಕ ಅವಂಗ ರೊಟ್ಟಿ ಕೊಡಬ್ಯಾಡ್ರಿ." ಗೆದ್ದವನು ಆ ವಾರವೆಲ್ಲ "ಸಾವ್ಕಾರ್ರ". ಹೋದ ವರ್ಷ ಸೂರತ್ತಿನ ಪರಪ್ಪ ಮೂರು ಸಲ ಕೊನೆಗೆ ಬಿದ್ದು, "ಸಾಕಪಾ ನನಗ" ಎಂದು ಆಟ ಬಿಟ್ಟ. ಆಮೇಲೆ ಅವನ ಫೋನು ಬರುವುದೂ ನಿಂತಿತು. ಅಂದಿನಿಂದ ಪ್ರತಿ ಸಲವೂ ಕೊನೆಯವನು ಕಾಡಪ್ಪನೇ. ನಿನ್ನೆ ನಾನು ಕೇಳಿಯೇಬಿಟ್ಟೆ: "ಅಲ್ಲೋ, ಕಾಲ ಮುರಕೊಂಡು ಮನ್ಯಾಗ ಕುಂತಾಂವನ್ನ ನಿನ್ನ ಟೀಮಿಗೆ ಕ್ಯಾಪ್ಟನ್ ಮಾಡೀದಿ. ಅಂವ ಆಡೂದಿಲ್ಲಂತ ಮುಂಜಾನಿ ನೀನ ಹೇಳಿದ್ದಿ!" ಫೋನಿಗೆ ಕೈ ಅಡ್ಡ ಹಿಡಿದು, ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ: "ಕಡೀಗೆ ಬಿದ್ದಾಂವ ಬ್ಯಾಸತ್ತು ಬಿಟ್ಟು ಹೋಗ್ತಾನಬೇ ಎವ್ವಾ. ನಾ ಎಲ್ಲಿ ಹೋಗ್ಲಿ?"