ಎನ್ನಲಾದ ತೂತು

ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಟೆಲಿಪ್ರಿಂಟರಿನಲ್ಲಿ ಬರುವ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕಿಳಿಸುವುದು ನನ್ನ ಕೆಲಸ. ಆ ಇಂಗ್ಲಿಷಿನಲ್ಲಿ ‘ಅಲೆಜ್’, ಅಂದರೆ ಆರೋಪಿಸು, ಎಂಬ ಕ್ರಿಯಾಪದಕ್ಕಿದ್ದ ಮರ್ಯಾದೆ ಮಂತ್ರಿಗಳಿಗೂ ಇರಲಿಲ್ಲ. ಕಳ್ಳ ಕದ್ದ ಎಂದು ಯಾರೂ ಬರೆಯುತ್ತಿರಲಿಲ್ಲ, ಕದ್ದನೆಂದು ಅಲೆಜ್ ಮಾಡುತ್ತಿದ್ದರು. ಕನ್ನಡದಲ್ಲಿ ಅದಕ್ಕೆ ನಾವು ಕಟ್ಟಿದ ಬಾಲವೇ ‘ಎನ್ನಲಾಗಿದೆ’.

ಹಿಂದೆ ವಕೀಲರಾಗಿದ್ದ ನಮ್ಮ ಸಂಪಾದಕರಿಗೆ ಈ ಬಾಲದ ಮೇಲೆ ವಿಪರೀತ ಪ್ರೀತಿ. ಮೋಕಾದಲ್ಲಿ ಎತ್ತು ಸತ್ತಿತೆನ್ನಲಾಗಿದೆ, ಸಂಗನಕಲ್ಲಿನಲ್ಲಿ ಮಳೆಯಾಯಿತೆನ್ನಲಾಗಿದೆ. “ಮಳಿ ನನ್ನ ಮೈಮ್ಯಾಲೇ ಬಿದ್ದೈತ್ರಿ” ಎಂದೆ ಒಮ್ಮೆ.

“ಕೋರ್ಟಿಗೆ ನಿನ್ನ ಹಸಿ ಅಂಗಿ ತೋರಸಾಕ ಆಕ್ಕತೇನಲೇ? ಎನ್ನಲಾಗಿದೆ ಅಂತ ಬರಿ” ಎಂದರು.

ಹೀಗಿರುವಾಗ ಸಿರುಗುಪ್ಪದಿಂದ ಒಂದು ಸುದ್ದಿ ಬಂತು. ರಾರಾವಿ ಕಡೆಯ ಹೊಳೆಯಲ್ಲಿ ಹರಿಗೋಲು ವಾಲಿ, ಒಬ್ಬನ ಮೆಣಸಿನಕಾಯಿ ಚೀಲ ನೀರುಪಾಲಾಗಿತ್ತು. ಹರಿಗೋಲಿನ ತಳದಲ್ಲಿ ತೂತಿತ್ತು ಎಂದವನು ಚೀಲ ಕಳೆದುಕೊಂಡವನೇ. ಸಿರುಗುಪ್ಪದ ನಮ್ಮ ಸುದ್ದಿಗಾರ ಬಟ್ಟೆ ಅಂಗಡಿಯ ಗಲ್ಲೆ ಬಿಟ್ಟು ಏಳುವ ಪೈಕಿ ಅಲ್ಲ, ಕೇಳಿದ್ದನ್ನು ಬರೆದು ಬಸ್ಸಿನಲ್ಲಿ ಕಳಿಸಿದ್ದ. ಸಂಪಾದಕರು ಬಾಲ ಕಟ್ಟಿದರು: ‘ತೂತಿತ್ತೆನ್ನಲಾಗಿದೆ’.

ನಾಲ್ಕನೆಯ ದಿನ ಆಫೀಸಿನ ಬಾಗಿಲು ಕತ್ತಲಾಯಿತು. ನೋಡಿದರೆ ಹರಿಗೋಲು! ಅದನ್ನು ಬಸ್ಸಿನ ಮೇಲೆ ಹಾಕಿಸಿ, ನಿಲ್ದಾಣದಿಂದ ತಲೆಯ ಮೇಲೆ ಹೊತ್ತು ತಂದಿದ್ದಳು ಅದರ ಒಡತಿ, ಗಟ್ಟಿ ಆಳಿನ ಹೆಂಗಸು. ಗಂಡನ ಸೊಂಟ ಬಿದ್ದಮೇಲೆ ಹೊಳೆ ದಾಟಿಸುವ ಕೆಲಸ ಅವಳದಾಗಿತ್ತಂತೆ.

“ನೋಡ್ರಿ ಸಾಹೇಬ್ರ, ಎಲ್ಲೈತಿ ತೂತು? ಹೋಟೆಲ್ದಾಗ ನಿಮ್ಮ ಪೇಪರ್ ಜ್ವಾರಾಗಿ ಓದಿದ್ರಂತ. ಅವತ್ತಿನಿಂದ ನನ್ನ ಹರಗೋಲು ಒಬ್ರೂ ಹತ್ತವಲ್ರು. ಬರೋ ದಾರ್ಯಾಗ ಕುರುಗೋಡು ಬಸ್‌ಸ್ಟ್ಯಾಂಡಿನಾಗೂ ಇದ ತೂತಿನ ಹರಗೋಲೇನವ್ವ ಅಂತ ಕೇಳಿದ್ರು. ಇದು ನಿಂತ್ರ ನಮ್ಮನಿ ಒಲಿ ಹತ್ತಂಗಿಲ್ಲ.”

ಸಂಪಾದಕರು ಪತ್ರಿಕೆ ಬಿಡಿಸಿ, “ಇಲ್ನೋಡು ತಂಗಿ, ಎನ್ನಲಾಗಿದೆ ಅಂತ ಐತಿ. ನಾವು ಹೇಳಿಲ್ಲ” ಎಂದರು.

“ಹಂಗಾದ್ರ ಯಾರು ಹೇಳಿದ್ರು? ಅವರನ್ನ ಕರೀರಿ.”

ಸಂಪಾದಕರು ಪತ್ರಿಕೆಯನ್ನು ಮಡಿಸಿ ಬದಿಗಿಟ್ಟರು. ಒಳಗೊಳಗೇ ನನಗೆ ಖುಷಿಯೋ ಖುಷಿ. “ಆತು, ನಾಳೆ ತಿದ್ದುಪಡಿ ಹಾಕ್ತೀವಿ” ಎಂದರು ಕಡೆಗೆ.

“ಏನಂತ? ತೂತಿಲ್ಲ ಎನ್ನಲಾಗಿದೆ ಅಂತನಾ? ಬರಿಯೋದು ಬ್ಯಾಡ್ರಿ, ಬಂದು ಇದರಾಗ ಕುಂದರ್ರಿ.”

ಮರುದಿನ ಸಂಪಾದಕರೂ ನಾನೂ ಹೊಳೆದಂಡೆಯಲ್ಲಿದ್ದೆವು. ಹತ್ತಿ ಬಿಡಿಸಲು ಆಚೆ ದಡಕ್ಕೆ ಹೋಗಬೇಕಾದ ಕೂಲಿಯವರು ಬುತ್ತಿಗಂಟು ಹಿಡಿದು ಇನ್ನೊಂದು ಹರಿಗೋಲಿಗೆ ಕಾಯುತ್ತಿದ್ದರು. ನೀರೆಂದರೆ ಸಂಪಾದಕರಿಗೆ ಪ್ರಾಣಭಯ. ಧೋತರ ಮೊಣಕಾಲಿಗೇರಿಸಿ, ನನ್ನ ಹೆಗಲನ್ನು ಉಗುರು ಇಳಿಯುವಂತೆ ಹಿಡಿದು ಆಕೆಯ ಹರಿಗೋಲಿನಲ್ಲಿ ಕುಳಿತರು. ನಡುಹೊಳೆಗೆ ಬಂದದ್ದೇ ಆಕೆ ಹುಟ್ಟು ಎತ್ತಿಬಿಟ್ಟಳು. ಹರಿಗೋಲು ಬುಗುರಿಯ ಹಾಗೆ ತಿರುಗತೊಡಗಿತು.

“ಈಗ ನೋಡ್ರಿ ಸಾಹೇಬ್ರ, ಸಾವಕಾಶ ನೋಡ್ರಿ” ಎಂದಳು.

ಅವರು ಕಣ್ಣು ಬಿಟ್ಟರು. ತಳವನ್ನು ಅಂಗೈಯಲ್ಲಿ ಸವರಿದರು. ಸುತ್ತ ಅಂಚನ್ನೆಲ್ಲ ತಡಕಿದರು. ಕೈ ಒಣಗಿಯೇ ಇತ್ತು. ಆಕೆ ಮತ್ತೆ ಹುಟ್ಟು ಹಾಕಿ ನಮ್ಮನ್ನು ಅದೇ ದಡಕ್ಕೆ ತಂದಳು.

ಗುಂಪಿನಲ್ಲಿದ್ದ ಒಬ್ಬ ಮುದುಕ ಮುಂದೆ ಬಂದು ಕೇಳಿದ: “ಏನಂತಾರ್ರಿ, ತೂತು ಐತಂತೋ ಇಲ್ಲಂತೋ?”

ಎಲ್ಲರೂ ಸಂಪಾದಕರ ಬಾಯಿ ನೋಡಿದರು. ಆಕೆಯೂ ನೋಡಿದಳು. ನನಗಂತೂ ಆ ಬಾಲ ಎಲ್ಲಿ ಬಾಯಿಗೆ ಬಂದುಬಿಡುತ್ತದೋ ಎಂಬ ಭಯ.

“ಅಂತಾರ ಅಲ್ಲಪಾ, ನಾನೇ ಹೇಳ್ತೀನಿ” ಎಂದರು ಸಂಪಾದಕರು. “ನಾ ಕುಂತು ಬಂದೀನಿ. ತೂತಿಲ್ಲ.”

ಮುದುಕ ಒಂದು ಗಳಿಗೆ ಅವರ ಒಣ ಧೋತರವನ್ನೇ ನೋಡಿದ. ಆಮೇಲೆ ಬುತ್ತಿಗಂಟು ಒಳಗಿಟ್ಟು ತಾನೂ ಹತ್ತಿದ. ಅವನ ಹಿಂದೆ ಕೂಸನ್ನೆತ್ತಿಕೊಂಡಿದ್ದ ಒಬ್ಬ ತಾಯಿ, ಆಮೇಲೆ ಎಲ್ಲರೂ. ತಪ್ಪಾಯಿತೆಂದು ನಮಗೆ ಆಕೆಗೊಂದು ಮಾತು ಹೇಳುವುದಿತ್ತು. ಆಕೆಗೆ ಪುರುಸೊತ್ತಿರಲಿಲ್ಲ. “ಸರೀರಿ, ಸರೀರಿ, ಇನ್ನೊಬ್ರಿಗೆ ಜಾಗ ಬಿಡ್ರಿ” ಎಂದು ಕೂಗುತ್ತಾ ಹರಿಗೋಲು ತಳ್ಳಿಕೊಂಡು ಹೊರಟೇಹೋದಳು.