ಶನಿವಾರದ ಲೆಕ್ಕ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನಿರುತ್ತಿರಲಿಲ್ಲ. ಕಾಣದ ನೂಲೊಂದನ್ನು ಹೊಸೆಯುತ್ತಲೇ ಇರುತ್ತಿದ್ದವು. ಬನಹಟ್ಟಿಯ ನೇಕಾರರ ಮನೆಯವರು. ಹರಿದ ಎಳೆ ಕೂಡಿಸಿ ಬೆಳೆದ ಕೈ. ನಮ್ಮ ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿಯಾಗಿದ್ದರು. ಥೈರಾಯ್ಡ್ ರೋಗಿಗಳಿಗೆ ವಿಕಿರಣಶೀಲ ಅಯೋಡಿನ್ ಅಳೆದುಕೊಡುವುದು ನನ್ನ ಕೆಲಸ. ಅದರ ಆವಿ ನಮ್ಮ ಮೈಯೊಳಗೆ ಎಷ್ಟು ಹೋಗಿದೆಯೆಂದು ಕೊರಳಿಗೆ ಯಂತ್ರ ಹಿಡಿದು ಲೆಕ್ಕ ಹಾಕುವುದು ಅವರ ಕೆಲಸ. ಮೊದಲು ಕೇಳುತ್ತಿದ್ದುದು ಒಂದೇ: “ಯಾವಾಗ?” ಒಳಹೋದ ದಿನ ತಪ್ಪಿದರೆ ಮುಂದಿನದೆಲ್ಲ ತಪ್ಪು ಎನ್ನುತ್ತಿದ್ದರು. ಕೆಮ್ಮೆಂದು ರಜೆ ಕೇಳಿದರೂ ಅದೇ ಪ್ರಶ್ನೆ. ನಮಗೆ ತಲೆಚಿಟ್ಟು ಹಿಡಿಯುತ್ತಿತ್ತು.

ಒಂದು ಶನಿವಾರ ಸಂಜೆ, ಮುಧೋಳದ ಬಸ್ಸು ತಪ್ಪೀತೆಂಬ ಅವಸರದಲ್ಲಿ, ಆವಿ ಹೀರುವ ಫ್ಯಾನು ಹಾಕದೆ ಒಬ್ಬಳೇ ಬಾಟಲಿ ತೆರೆದೆ. ಮನೆಯಲ್ಲಿ ಆರು ತಿಂಗಳ ಮಗಳು ಕಾಯುತ್ತಿದ್ದಳು. ಸೋಮವಾರದ ತಪಾಸಣೆಯಲ್ಲಿ ನನ್ನ ಕೊರಳಿನ ಎಣಿಕೆ ಏರಿತ್ತು. ನೌಕರಿ ಹೋದೀತೆಂದು ಹೆದರಿ, ಅದೇ ಸೋಮವಾರ ಬೆಳಿಗ್ಗೆ ಎಲ್ಲರೆದುರು ನಿಯಮದಂತೆ ಬಾಟಲಿ ತೆರೆದಾಗಲೇ ಹೋಗಿರಬೇಕು ಎಂದೆ. ಅವರು ಬರೆದುಕೊಂಡು, ಇವತ್ತಿನಿಂದ ಕೂಸಿಗೆ ಎದೆಹಾಲು ಬೇಡ ಎಂದರು.

ಮಂಗಳವಾರ ಮತ್ತೆ ಎಣಿಸಿ, ಬಾಗಿಲು ಮುಚ್ಚಿ ಕುಳಿತರು.

“ಅಯೋಡಿನ್ ಕೊರಳಾಗ ಕೂಡಾಕ ಒಂದ ದಿನ ಬೇಕು. ನಿನ್ನಿ ಹೋಗಿದ್ರ ಇವತ್ತ ಏರಬೇಕಿತ್ತು. ಇಳದೈತಿ. ಖರೆ ಹೇಳವ್ವಾ, ಯಾವಾಗ?”

ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಭಾನುವಾರ ಕೂಸಿಗೆ ಎಷ್ಟು ಸಲ ಹಾಲುಣಿಸಿದೆ ಎಂದಷ್ಟೇ ಕೇಳಿದರು. ಅಯೋಡಿನ್ ಹಾಲಿಗೂ ಇಳಿಯುತ್ತದೆ. ಅದು ಗೊತ್ತಿದ್ದೂ ನಾನು ನೌಕರಿಯ ಬಗ್ಗೆ ಮಾತ್ರ ಯೋಚಿಸಿದ್ದೆ.

ಸಂಜೆಯೊಳಗೆ ಅವ್ವ ಮಗಳನ್ನು ಕರೆತಂದಳು. ಆ ಪುಟ್ಟ ಕೊರಳಿಗೆ ಯಂತ್ರ ಹಿಡಿದ ಹತ್ತು ನಿಮಿಷ ಅವರ ಬೆರಳು ಅಲುಗಲಿಲ್ಲ. ಲೆಕ್ಕ ಹಾಕಿ, ಹೋದದ್ದು ಸ್ವಲ್ಪ, ಆದರೂ ವರ್ಷಕ್ಕೊಮ್ಮೆ ಥೈರಾಯ್ಡ್ ನೋಡಿಸುತ್ತಿರಬೇಕು ಎಂದರು. ನನ್ನ ವರದಿಯಲ್ಲಿ ಸೋಮವಾರವೇ ಇರಲೆಂದು ಬೇಡಿಕೊಂಡೆ.

“ಕೂಸಿನ ಲೆಕ್ಕ ಶನಿವಾರದಿಂದ, ನಿಂದು ಸೋಮವಾರದಿಂದ. ಹೆಂಗ ಬರೀಲಿ?”

ಆಸ್ಪತ್ರೆಯವರು ಆರು ತಿಂಗಳು ನನ್ನನ್ನು ಆ ಕೋಣೆಯಿಂದ ಹೊರಗಿಟ್ಟರು. ಸುಳ್ಳೇಕೆ, ಶನಿವಾರವೆಂದೇ ಬರೆದ ಅವರ ಮೇಲೆ ಸಿಟ್ಟಿತ್ತು. ಎದುರಾದರೆ ಮುಖ ತಿರುಗಿಸುತ್ತಿದ್ದೆ. ಅವರು ಮಾತ್ರ ನಿವೃತ್ತರಾಗಿ ಬನಹಟ್ಟಿಗೆ ಹೋದ ಮೇಲೂ ಪ್ರತಿ ವರ್ಷ ಫೋನ್ ಮಾಡಿ, ಮಗಳ ತಪಾಸಣೆ ಆಯಿತೇ ಎಂದು ಕೇಳುತ್ತಿದ್ದರು. “ಆತ್ರೀ” ಎಂದರೆ ಬಿಡುತ್ತಿರಲಿಲ್ಲ. “ಯಾವಾಗ?”

ಹೋದ ವರ್ಷ ಅವರು ತೀರಿಕೊಂಡರು. ಈ ಸಲ ಫೋನ್ ಬರಲಿಲ್ಲ. ಈಗ ಐದನೇ ತರಗತಿಯಲ್ಲಿರುವ ಮಗಳನ್ನು ಜಮಖಂಡಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಾಗಿದೆ. ಅವರು ಕೇಳಿದರೆ ಹೇಳಲು ತಾರೀಕನ್ನೂ ಬರೆದಿಟ್ಟುಕೊಂಡಿದ್ದೇನೆ.